ಟ್ರಾಮ್ ಬಂದ ವರ್ಷದ ಎಳ್ಳಮಾವಾಸ್ಯೆ

ಕ್ರಾಯ್ಡನ್ ಪೇಟೆಯಿಂದ ನ್ಯೂ ಆ್ಯಡಿಂಗ್ಟನ್ ಗುಡ್ಡಕ್ಕೆ ಹತ್ತುವ ಟ್ರಾಮಿನಲ್ಲಿ ನೀವು ಎಂದಾದರೂ ಕೂತಿದ್ದರೆ, ಕಾಡಿನ ಪಕ್ಕ ಗಾಡಿ ಮೈ ವಾಲಿಸಿ ಹೊರಳುವ ಒಂದು ತಿರುವು ನೆನಪಿರಬಹುದು. ಆ ತಿರುವಿನ ಹಳಿ ಹಾಕಿದ ಗ್ಯಾಂಗಿನಲ್ಲಿ ನಾನಿದ್ದೆ. ಇವತ್ತಿಗೂ ಅಲ್ಲಿಗೆ ಬಂದಾಗ ಪೇಪರ್ ಓದುವವರನ್ನೂ ಫೋನಿನಲ್ಲಿ ಮಾತಾಡುವವರನ್ನೂ ಒಮ್ಮೆ ನೋಡುತ್ತೇನೆ. ಯಾರೂ ತಲೆ ಎತ್ತುವುದಿಲ್ಲ. ಅಂದರೆ ಹಳಿ ಚೊಕ್ಕ ಕೂತಿದೆ ಅಂತ ಅರ್ಥ.

ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ವಿಜಾಪುರದ ಕಡೆ ಕಲ್ಲು ಕಟೆದು, ಗಾರೆ ಕಲಸಿ ಮೈ ಗಟ್ಟಿ ಮಾಡಿಕೊಂಡವನು. ತೊಂಬತ್ತರ ದಶಕದ ಮೊದಲಲ್ಲಿ ಮದುವೆಯಾಗಿ ಲಂಡನ್ನಿಗೆ ಬಂದೆ. ಬೇರೆಯವರಲ್ಲಿ ಗಂಡ ಮೊದಲು ಬಂದು ಹೆಂಡತಿಯನ್ನು ಕರೆಸಿಕೊಳ್ಳುತ್ತಾನೆ, ನಮ್ಮಲ್ಲಿ ತಿರುಗುಮುರುಗು. ಅವಳು ಅಣ್ಣನ ಜೊತೆ ಮೊದಲೇ ಇಲ್ಲಿದ್ದಳು, ನಾನು ಹಿಂದಿನಿಂದ ಬಂದು ಸೇರಿಕೊಂಡೆ. ಅಣ್ಣನದು ಲಂಡನ್ನಿನ ವಾಯವ್ಯ ತುದಿಯ ರೇನರ್ಸ್ ಲೇನ್‌ನಲ್ಲಿ ಕಿರಾಣಿ ಅಂಗಡಿ. ಅವಳು ಗಲ್ಲಾದ ಮೇಲೆ ಕೂತು, ಬಂದವರಿಗೆಲ್ಲ ಚಿಲ್ಲರೆಯ ಜೊತೆ ನಾಲ್ಕು ಮಾತು ಕೊಟ್ಟು ಕಳಿಸುವಳು. ನಾನು ಒಳಗೆ ಅಕ್ಕಿಚೀಲ ಹೊರುವವನು.

ಒಂದು ದಿನ ಧಾರವಾಡದ ಕಡೆಯ ಗಿರಾಕಿಗಳು ನಾಲ್ಕೈದು ಮಂದಿ ನಿಂತಿದ್ದಾಗ ನನ್ನ ಬೆನ್ನ ಮೇಲೆ ಎರಡು ಚೀಲ ನೋಡಿ ಅವಳ ಅಣ್ಣ ಅಂದ: “ಇವ್ರು ನಮ್ಮ ಭಾವ ಅಲ್ರೀ, ನಮ್ಮ ಅಂಗಡಿ ಟ್ರಕ್ಕು. ಡೀಸೆಲ್ ಬ್ಯಾಡ, ನಾಕ ರೊಟ್ಟಿ ಹಾಕಿದ್ರ ಸಾಕು.”

ಎಲ್ಲರೂ ನಕ್ಕರು. ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಅದು ಅವನ ಬಾಯಿಯ ರೂಢಿ. ನಾನೂ ನಕ್ಕೆ, ಚೀಲ ಇಳಿಸಿದೆ. ಮರುದಿನ ಕಟ್ಟಡದ ಕೆಲಸ ಹುಡುಕಿಕೊಂಡು ಹೋದೆ. ಆ ಕೆಲಸ ಸಿಕ್ಕಿದ್ದು ಊರಿನ ಇನ್ನೊಂದು ತುದಿಯಲ್ಲಿ, ದಕ್ಷಿಣಕ್ಕೆ. ಮನೆ ಸಿಕ್ಕಿದ್ದು ಅದಕ್ಕಿಂತ ದಕ್ಷಿಣಕ್ಕೆ, ನ್ಯೂ ಆ್ಯಡಿಂಗ್ಟನ್ನಿನಲ್ಲಿ.

ಅದು ತಾನಾಗಿ ಬೆಳೆದ ಊರಲ್ಲ. ಯಾರೋ ಮೇಜಿನ ಮೇಲೆ ಕಾಗದ ಹರಡಿ, ಇಲ್ಲಿ ಮನೆ, ಇಲ್ಲಿ ಅಂಗಡಿ ಸಾಲು, ಇಲ್ಲಿ ಶಾಲೆ, ಇಲ್ಲಿ ಈಜುಕೊಳ ಎಂದು ಗೆರೆ ಎಳೆದು ಗುಡ್ಡದ ಮೇಲೆ ತಂದಿಟ್ಟ ಊರು. ಎಲ್ಲ ಇಟ್ಟರು, ರೈಲು ಇಡಲಿಲ್ಲ. ಕ್ರಾಯ್ಡನ್ನಿಗೆ ಇಳಿಯಬೇಕಾದರೆ ಬಸ್ಸೇ ಗತಿ. ಅದು ಪ್ರತಿಯೊಂದು ಓಣಿಗೂ ಹೋಗಿ ಯೋಗಕ್ಷೇಮ ವಿಚಾರಿಸಿಕೊಂಡು ಬರುವ ಬಸ್ಸು. ನನಗೆ ಮಾತ್ರ ಆ ಜಾಗ ನೋಡಿದ ಕೂಡಲೇ ಹಿಡಿಸಿತು. ನಮ್ಮ ಸಾಲಿನ ಮನೆಗಳು ಮುಗಿದ ಕಡೆ ಒಂದು ಕಾಲುದಾರಿ, ಅದರಾಚೆ ಹೊಲ. ಪಾರ್ಕಲ್ಲ, ನಿಜವಾದ ಹೊಲ. ಉತ್ತಿದ ಮಣ್ಣು, ಕಾಗೆ, ಗಾಳಿ. ಲಂಡನ್ನಿನಲ್ಲಿ ಮಣ್ಣಿನ ವಾಸನೆ ಬರುವ ಬಾಗಿಲು ಎಷ್ಟು ಮಂದಿಗೆ ಸಿಕ್ಕೀತು?

ಅವಳಿಗೆ ಅದು ವಾಸನೆ ಅಷ್ಟೇ. “ಇಲ್ಲೆ ಗಾಳಿ ಒಂದಽ ನನ್ನ ಜೋಡಿ ಮಾತಾಡತೈತಿ,” ಅನ್ನುವಳು. “ಅದೂ ಇಂಗ್ಲಿಷಿನಾಗ.”

ಮೊದಮೊದಲು ಬೈದಳು, ಆಮೇಲೆ ಬೈಯುವುದನ್ನು ಬಿಟ್ಟಳು. ಬಿಟ್ಟಿದ್ದೇ ನನಗೆ ಹೆದರಿಕೆ ತಂದಿತು. ದಿನವಿಡೀ ಮಾತಾಡಿ ಬದುಕಿದವಳು ಸಂಜೆ ನಾನು ಬಂದಾಗ ಟೀವಿ ಹಚ್ಚಿ, ಆವಾಜ್ ತೆಗೆದು, ಬರೀ ಚಿತ್ರ ನೋಡುತ್ತ ಕೂತಿರುವಳು. ನಮ್ಮವರು ಯಾರೂ ಬರಲಿಲ್ಲ. ಹಬ್ಬಕ್ಕೆ ಕರೆದರೆ ಅವಳ ಅಣ್ಣ ಫೋನಿನಲ್ಲೇ ನಗುವನು: “ಭಾವಾರ, ಅದು ಲಂಡನ್ ಅಲ್ಲ, ಲಂಡನ್ನಿನ ಹಿತ್ತಲಾ. ಅಲ್ಲಿಗೆ ಬಂದು ಹೊಳ್ಳಿ ಹೋಗೂದ್ರಾಗ ನಾನು ಮುದುಕ ಆಗಿರ್ತೀನಿ.”

ಆಗ ಟ್ರಾಮಿನ ಸುದ್ದಿ ಬಂತು. ವಿಂಬಲ್ಡನ್ನಿನಿಂದ ಕ್ರಾಯ್ಡನ್ನಿಗೆ ಒಂದು ಹಾದಿ, ಕ್ರಾಯ್ಡನ್ನಿನಿಂದ ನಮ್ಮ ಗುಡ್ಡಕ್ಕೆ ಇನ್ನೊಂದು. ನಮ್ಮ ಪಕ್ಕದ ಮನೆಯ ಇಂಗ್ಲಿಷ್ ಮುದುಕಿ ಬೇಲಿಯ ಮೇಲೆ ಮೊಳಕೈ ಊರಿ ಅಂದಳು: ತಾನು ಮದುವೆಯಾಗಿ ಈ ಗುಡ್ಡಕ್ಕೆ ಬಂದ ದಿನದಿಂದ ರೈಲು ಬರುತ್ತದೆ, ಬರುತ್ತದೆ ಎಂದು ಹೇಳುತ್ತಲೇ ಇದ್ದಾರೆ, ಗಂಡ ಹೋದ, ಬೆಕ್ಕು ಹೋಯಿತು, ರೈಲು ಬರಲಿಲ್ಲ. “ನೀನು ನಂಬಬೇಡ, ಡಾರ್ಲಿಂಗ್.”

ನಾನು ನಂಬಿದೆ. ನಂಬಿ ಸುಮ್ಮನೆ ಕೂಡಲಿಲ್ಲ, ಹಳಿ ಹಾಕುವ ಗ್ಯಾಂಗಿಗೆ ಸೇರಿದೆ. ಗ್ಯಾಂಗಿನ ಮೇಸ್ತ್ರಿ ಐರಿಷ್ ಮನುಷ್ಯ. ಮೊದಲ ದಿನ ನನ್ನ ಅಂಗೈ ತಿರುಗಿಸಿ ನೋಡಿ, “ಸರ್ಟಿಫಿಕೇಟ್ ಇಲ್ಲೇ ಇದೆಯಲ್ಲ,” ಅಂದ. ಅಷ್ಟೇ ಇಂಟರ್‌ವ್ಯೂ.

ಆ ಕೆಲಸದ ಹುರುಪು ಈಗ ಹೇಳಿದರೆ ಹುಚ್ಚು ಅನ್ನಿಸಬಹುದು. ಬೇರೆ ಕಟ್ಟಡದಲ್ಲಿ ನಾನು ಯಾರಿಗೋ ಗೋಡೆ ಕಟ್ಟುತ್ತಿದ್ದೆ. ಇಲ್ಲಿ ನನ್ನ ಮನೆಗೆ ನಾನೇ ಹಾದಿ ಹಾಕುತ್ತಿದ್ದೆ. ಬೆಳಿಗ್ಗೆ ಇಬ್ಬನಿಯಲ್ಲಿ ಹಳಿ ಮುಟ್ಟಿದರೆ ಕೈ ಸುಟ್ಟಂತೆ ಚಳಿ. ಜಲ್ಲಿ ಸುರಿದು, ಕುಟ್ಟಿ, ಹಳಿ ಇಳಿಸಿ, ಎರಡು ತುದಿಗಳ ಬೆಸುಗೆಗೆ ಬೆಂಕಿ ಹಚ್ಚಿದಾಗ ಬಿಳಿ ಬೆಳಕು ಎದ್ದು, ಎಲ್ಲರೂ ಒಂದು ಗಳಿಗೆ ಮುಖ ತಿರುಗಿಸುವೆವು. ಬೆಸುಗೆ ಆರಿದ ಮೇಲೆ ನಾನು ಅದರ ಮೇಲೆ ಬೆರಳು ಎಳೆದು ನೋಡದೆ ಮುಂದಕ್ಕೆ ಹೋದವನಲ್ಲ. ಸಂಜೆ ಮನೆಗೆ ಬಂದು, ಇವತ್ತು ಇಲ್ಲಿಯವರೆಗೆ ಬಂತು ಎಂದು ಊಟದ ತಾಟಿನ ಮೇಲೆ ಹುರುಳಿಕಾಯಿ ಸಾಲಾಗಿಟ್ಟು ತೋರಿಸುವೆ. ಅವಳು ನೋಡುವಳು. “ಉಣ್ರಿ, ಆರತೈತಿ,” ಅನ್ನುವಳು.

ನಮ್ಮ ಜೊತೆ ಅಳತೆ ನೋಡುವ ಒಬ್ಬ ಜಪಾನೀ ಹುಡುಗ ಇದ್ದ. ಹುಡುಗ ಅಂದರೆ ಮೂವತ್ತರ ಆಸುಪಾಸಿನವನು. ಮೂರುಕಾಲಿನ ಯಂತ್ರದ ಹಿಂದೆ ಒಂದು ಕಣ್ಣು ಮುಚ್ಚಿ ನಿಂತಿರುವನು. ಒಂದು ಮಧ್ಯಾಹ್ನ ನನ್ನ ರೊಟ್ಟಿ-ಚಟ್ನಿಗೂ ಅವನ ಅನ್ನದ ಉಂಡೆಗೂ ಅದಲುಬದಲು ಆಯಿತು. ಇಬ್ಬರ ಇಂಗ್ಲಿಷೂ ಅಷ್ಟಕ್ಕಷ್ಟೇ, ಹಾಗಾಗಿ ಚೆನ್ನಾಗಿ ಅರ್ಥವಾಯಿತು. ಅವನು ಹುಟ್ಟಿ ಬೆಳೆದದ್ದೂ ಇಂಥದೇ ಊರಂತೆ, ಟೋಕಿಯೋ ಪಕ್ಕದ ಗುಡ್ಡಗಳನ್ನು ಕಡಿದು, ಗೆರೆ ಎಳೆದು ಕಟ್ಟಿದ್ದು. ಮೊದಲು ಮನೆ ಬಂದವು, ಜನ ಬಂದರು, ರೈಲು ಮಾತ್ರ ವರ್ಷಗಟ್ಟಲೆ ಬರಲಿಲ್ಲ. ಅವನ ಅಪ್ಪ ಕತ್ತಲಲ್ಲೇ ಎದ್ದು ಕೆಸರಿನಲ್ಲಿ ನಡೆದು ಬಸ್ಸಿಗೆ ಸಾಲು ನಿಲ್ಲುತ್ತಿದ್ದನಂತೆ. ಬೂಟನ್ನು ಕೈಯಲ್ಲಿ ಹಿಡಿದು ಹೋಗಿ, ಬಸ್ಸಿನಲ್ಲಿ ಹಾಕಿಕೊಳ್ಳುವುದು.

“ನಿಮ್ಮಮ್ಮ?” ಎಂದು ಕೇಳಿದೆ.

“ಅಮ್ಮ ಅಜ್ಜಿಯ ಮನೆಗೆ ಹೋಗುತ್ತೇನೆ ಅಂತ ದಿನಾ ಅಳುತ್ತಿದ್ದಳು.”

“ರೈಲು ಬಂದ ಮೇಲೆ?”

ಅವನು ರೊಟ್ಟಿ ಅಗಿದು ಮುಗಿಸಿ ಹೇಳಿದ: “ರೈಲು ಬಂದ ಮೇಲೆ ನಿಜವಾಗಿ ಹೋದಳು. ಭಾನುವಾರ ಬೆಳಿಗ್ಗೆ ಹೋಗಿ ಸಂಜೆಗೆ ಬಂದಳು. ಆಮೇಲೆ ಅಳಲಿಲ್ಲ.”

ಇದನ್ನು ನಾನು ಮನೆಗೆ ಬಂದು ಹೇಳಿದೆ. ಅವಳು ಲಟ್ಟಣಿಗೆ ನಿಲ್ಲಿಸಿ ನನ್ನ ಮುಖ ನೋಡಿದಳು. “ಅಣ್ಣ ಫೋನ್ ಮಾಡಿದ್ದ,” ಅಂದಳು. ಅಂಗಡಿಯ ಮೇಲಿನ ಫ್ಲ್ಯಾಟು ಮುಂದಿನ ಹೊಸ ವರ್ಷಕ್ಕೆ ಖಾಲಿಯಾಗುತ್ತದಂತೆ. ಈಗಲೇ ಹೇಳಿದರೆ ನಮಗೆ ಇಟ್ಟಿರುತ್ತಾನಂತೆ.

ಅಲ್ಲಿಗೆ ಹೋದರೆ ನಾನು ಮತ್ತೆ ಅಂಗಡಿಯ ಟ್ರಕ್ಕು. ಹೋಗದಿದ್ದರೆ ಅವಳು ಆವಾಜಿಲ್ಲದ ಟೀವಿ. ಕೊನೆಗೆ ಅಂದೆ: “ಟ್ರಾಮ್ ಬರ್ಲಿ. ಎಳ್ಳಮಾಸಿತನಾ ನೋಡು. ಎಲ್ಲಾರ್ನೂ ಚರಗಕ್ಕ ಕರೀತೀನಿ. ಬರಲಿಲ್ಲಂದ್ರ ನಾನಽ ಸಾಮಾನು ಕಟ್ಟತೀನಿ.”

“ಬಂದ್ರ?”

“ಬಂದ್ರ ನೀ ಏನ ಹೇಳ್ತಿ ಹೇಳು.”

“ಬರ್ಲಿ ಮೊದ್ಲು,” ಅಂದಳು. ಆದರೆ ಎಳ್ಳಮಾವಾಸ್ಯೆ ಎನ್ನುವ ಮಾತಿಗೆ ಅವಳ ಲಟ್ಟಣಿಗೆ ಸ್ವಲ್ಪ ಜೋರಾಗಿ ಉರುಳಿತು. ಅದನ್ನು ನಾನು ಗಮನಿಸಿದೆ.

ನಮ್ಮ ಕಡೆಯವರಲ್ಲದವರಿಗೆ ಒಂದು ಮಾತು. ಎಳ್ಳಮಾವಾಸ್ಯೆಯ ದಿನ ನಾವು ಮನೆಯಲ್ಲಿ ಉಣ್ಣುವುದಿಲ್ಲ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ ಎಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತೇವೆ. ಐದು ಕಲ್ಲು ಆರಿಸಿ, ಇವರೇ ಪಾಂಡವರು ಎಂದು ಪೂಜೆ ಮಾಡಿ, ಎಡೆಯ ಅನ್ನ-ಪಲ್ಯವನ್ನು ಕಲಸಿ ಬೆಳೆಯ ಮೇಲೆ ಬೀರುತ್ತೇವೆ. ಅದೇ ಚರಗ. ಭೂಮಿತಾಯಿ ಬಸುರಿ, ಅವಳ ಬಯಕೆಯ ಊಟ ಅದು. ಒಬ್ಬ ಮುಂದೆ ಬೀರುತ್ತ “ಹುಲ್ಲುಲ್ಲಿಗೋ” ಅಂತ ಕೂಗಿದರೆ, ಹಿಂದೆ ನೀರು ಚಿಮುಕಿಸುವವನು “ಚಲ್ಲಂಬರಿಗೋ” ಅನ್ನಬೇಕು. ಆಮೇಲೆ ಹೊಲದಲ್ಲೇ ಊಟ. ರೇನರ್ಸ್ ಲೇನ್, ಹೇಸ್, ಇಲ್ಫರ್ಡ್‌ಗಳಲ್ಲಿದ್ದ ನಮ್ಮವರು ಇದನ್ನು ಫ್ಲ್ಯಾಟಿನ ಕಾರ್ಪೆಟ್ಟಿನ ಮೇಲೆ ಕೂತು ಮಾಡಿ, ಬಾಲ್ಕನಿಯ ಕುಂಡಕ್ಕೆ ಚರಗ ಚೆಲ್ಲುತ್ತಿದ್ದರು. ಹೊಲ ಇದ್ದದ್ದು ನನ್ನ ಹತ್ತಿರ ಮಾತ್ರ.

ಬೇಸಿಗೆಗೆ ಮುಂಚೆ ಟ್ರಾಮ್ ಬಂತು. ಕೆಂಪು-ಬಿಳಿ ಬಣ್ಣದ ಗಾಡಿ ಗುಡ್ಡ ಹತ್ತಿ ನಮ್ಮ ಅಂಗಡಿಸಾಲಿನ ಎದುರು ಬಂದು ನಿಂತ ಮೊದಲ ದಿನಗಳಲ್ಲಿ ಜನ ಕೆಲಸವಿಲ್ಲದಿದ್ದರೂ ಹತ್ತಿ ಕೂತು, ಹೋಗಿ, ಬಂದರು. ಪಕ್ಕದ ಮನೆಯ ಮುದುಕಿ ತುಟಿಗೆ ಬಣ್ಣ ಹಚ್ಚಿಕೊಂಡು ಮುಂದಿನ ಸೀಟಿನಲ್ಲಿ ಕೂತಿದ್ದಳು. ನಾನು ಹೆಂಡತಿಯನ್ನು ಕರೆದುಕೊಂಡು ಹೋದೆ. ನೆಲದಿಂದ ನೆಲಕ್ಕೆ ಹೆಜ್ಜೆ ಇಟ್ಟಂತೆ ಒಳಗೆ ಹೋಗಬಹುದು, ಮೆಟ್ಟಿಲೇ ಇಲ್ಲ. ಗಾಡಿ ಹೊರಟಾಗ ನಾನು ಕಿಟಕಿಯ ಗಾಜಿಗೆ ಬೆರಳು ಊರಿದೆ. “ಇದು ನಂದು,” ಎನ್ನುತ್ತಿದ್ದೆ, “ಇಲ್ಲಿಂದ ಆ ಕಂಬದ ಮಟ ನಂದು. ಅಲ್ಲಿ ಆ ಬೇಲಿ ಐತಲ್ಲ, ಅಲ್ಲೆ ನಾಕ ದಿನಾ ಮಳೀ ಹಿಡೀತು.”

“ಸಾವಕಾಶ ಹೇಳ್ರಿ,” ಅಂದಳು. “ಟಿಕೀಟ್ ತಗೊಂಡವ್ರು ಅಂಜತಾರ.” ಆದರೆ ಕ್ರಾಯ್ಡನ್ ಬರುವವರೆಗೂ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ.

ಚಳಿಗಾಲ ಶುರುವಾದಾಗ ಊರಿನಿಂದ ತರಿಸಿದ ಗೋಡೆ ಕ್ಯಾಲೆಂಡರು ನೋಡಿದೆವು. ಆ ವರ್ಷ ಎಳ್ಳಮಾವಾಸ್ಯೆ ಬಿದ್ದದ್ದು ಕ್ರಿಸ್‌ಮಸ್ ದಿನ. ನಮಗೆ ಹಾಲು ಕುಡಿದಷ್ಟು ಖುಷಿ. ಎಲ್ಲರಿಗೂ ಸೂಟಿ. ಯಾರೂ ಡ್ಯೂಟಿ ಐತಿ ಅನ್ನುವಂತಿಲ್ಲ, ಅವಳ ಅಣ್ಣನೂ ಅಂಗಡಿ ತೆಗೆಯುವಂತಿಲ್ಲ. ನಾನು ಸಾಲಾಗಿ ಎಲ್ಲರಿಗೂ ಫೋನ್ ಮಾಡಿದೆ. ಕೇಳಿದವರೆಲ್ಲ ಅದನ್ನೇ ಅಂದರು: ಸೂಟಿ ದಿನಾನಽ ಅಮಾಸಿ ಬಂದೈತಿ, ಎಷ್ಟ ಚಲೋ ಆತು. ಅವಳ ಅಣ್ಣನಿಗೆ ನಾನು ಬೇಕೆಂದೇ ಹೇಳಿದೆ: “ಕಾರ್ ತರಬ್ಯಾಡ್ರಿ ಅಣ್ಣಾರ. ಟ್ಯೂಬ್ ರೈಲಿನಾಗ ವಿಂಬಲ್ಡನ್ನಿಗೆ ಬರ್ರಿ. ಅಲ್ಲಿಂದ ನನ್ನ ಟ್ರಾಮ್ ಐತಿ.”

“ನಿಮ್ಮ ಟ್ರಾಮಾ?”

“ಹೌದ್ರಿ, ನಂದಽ.”

“ಆತು ಬಿಡ್ರಿ, ನಿಮ್ಮ ಟ್ರಾಮಿನಾಗಽ ಬರ್ತೀವಿ. ಎಲ್ಲಾರ್ನೂ ಕರಕೊಂಡ ಬರ್ತೀನಿ. ಹೊಲದಾಗ ನಿಲ್ಲಿಸಿ ಥಂಡಿಗೆ ಕೊಲ್ಲಬ್ಯಾಡ್ರಿ ಮತ್ತ.”

ಹೆಂಡತಿ ಸಜ್ಜೆ ರೊಟ್ಟಿ ಬಡಿಯಲು ಶುರು ಮಾಡಿದಳು. ಎಳ್ಳು ಹಚ್ಚಿದ ರೊಟ್ಟಿ ದಿನಗಟ್ಟಲೆ ಇರುತ್ತವೆ, ಒಣಗಿದಷ್ಟೂ ರುಚಿ. ರೇಡಿಯೇಟರಿನ ಮೇಲೆ ಬಟ್ಟೆ ಹಾಸಿ ಒಣಗಿಸಿದಳು. ಮನೆ ತುಂಬ ಎಳ್ಳಿನ ವಾಸನೆ. ಬಡಿಯುವ ಸಪ್ಪಳಕ್ಕೆ ಪಕ್ಕದ ಮುದುಕಿ ಬಂದು ವಿಚಾರಿಸಿದಳು, ಗೋಡೆ ಒಡೆಯುತ್ತಿದ್ದೀರೇನು ಎಂದು. ನನ್ನ ಹೆಂಡತಿ ಅವಳನ್ನು ಒಳಗೆ ಕರೆದು ಕೂಡಿಸಿ, ಬಿಸಿ ರೊಟ್ಟಿಗೆ ಬೆಣ್ಣೆ ಹಚ್ಚಿ ಕೊಟ್ಟಳು. ಇಷ್ಟು ವರ್ಷದಲ್ಲಿ ಅದೇ ಮೊದಲ ಸಲ.

ಮುದುಕಿ ಕೇಳಿದಳು: “ಇಷ್ಟೊಂದು ಯಾರಿಗೆ?”

“ನಮ್ಮ ಮಂದಿ ಬರ್ತಾರೆ, ಕ್ರಿಸ್‌ಮಸ್ ದಿನ,” ಎಂದು ನಾನು ಎದೆಯುಬ್ಬಿಸಿ ಹೇಳಿದೆ. “ಎಲ್ಲರೂ ಟ್ರಾಮಿನಲ್ಲಿ.”

ಮುದುಕಿ ರೊಟ್ಟಿ ಕೆಳಗಿಟ್ಟಳು. “ಯಾವ ಟ್ರಾಮಿನಲ್ಲಿ, ಡಾರ್ಲಿಂಗ್? ಕ್ರಿಸ್‌ಮಸ್ ದಿನ ಟ್ರಾಮ್ ಇಲ್ಲ. ಟ್ಯೂಬ್ ಇಲ್ಲ. ಬಸ್ ಇಲ್ಲ. ಈ ಊರಿನಲ್ಲಿ ಅವತ್ತು ಸಾಂತಾಕ್ಲಾಸ್ ಒಬ್ಬನೇ ಓಡಾಡುವುದು.”

ಹೆಂಡತಿಯ ಕೈ ಹಿಟ್ಟಿನಲ್ಲೇ ನಿಂತಿತು. ನನಗೆ ಕಿವಿ ಬಿಸಿಯಾಯಿತು. ಇದು ನಮಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಲಂಡನ್ನಿನಲ್ಲಿ ಇರುವ ಯಾರಿಗಾದರೂ ಗೊತ್ತು. ಆದರೆ ಪ್ರತಿ ಕ್ರಿಸ್‌ಮಸ್ಸಿಗೂ ನಾವು ಮನೆಯಲ್ಲಿ ಕಂಬಳಿ ಹೊದ್ದು ಬಿದ್ದುಕೊಂಡವರು. ಆ ದಿನ ಎಲ್ಲಿಗೂ ಹೋದವರಲ್ಲ, ನಮ್ಮ ಮನೆಗೆ ಬಂದವರೂ ಇಲ್ಲ. ಮೇಲಾಗಿ ನಾವು ನೋಡಿದ್ದು ಅಮಾವಾಸ್ಯೆಯನ್ನು, ತಾರೀಖನ್ನಲ್ಲ. ಸೂಟಿ ಅಂದರೆ ನಮಗೆ ಸೂಟಿ ಅಂತ ಹೊಳೆಯಿತೇ ಹೊರತು ಟ್ರಾಮ್ ಓಡಿಸುವವನಿಗೂ ಸೂಟಿ ಅಂತ, ಕರೆದವನಿಗೂ ಹೊಳೆಯಲಿಲ್ಲ, ಕರೆಸಿಕೊಂಡವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಮುದುಕಿ ಹೋದ ಮೇಲೆ ಹೆಂಡತಿ ಉಳಿದ ಹಿಟ್ಟನ್ನು ಮುಚ್ಚಿಟ್ಟಳು. “ಅಣ್ಣಗ ಹೇಳ್ರಿ,” ಅಂದಳು. ಆ ಫೋನ್ ಎತ್ತುವುದಕ್ಕಿಂತ ಹಳಿಯ ತುಂಡು ಒಬ್ಬನೇ ಎತ್ತುವುದು ಹಗುರ ಅನ್ನಿಸಿತು.

ಕೊನೆಗೆ ಅವಳ ಅಣ್ಣನಿಗೆ ಫೋನ್ ಮಾಡಿ ಹೇಳಿದೆ. ಅವನು ನಗಲು ಶುರು ಮಾಡಿದ. ಅವನ ಹೆಂಡತಿಯನ್ನು ಕರೆದು ಹೇಳಿದ, ಅವಳೂ ನಕ್ಕಳು. “ಭಾವಾರ, ನಿಮ್ಮ ಟ್ರಾಮ್ ಅಮಾಸಿ ಹಿಡೀತದೇನು? ನಮ್ಮ ಅಜ್ಜಿನೂ ಹಂಗಽ ಇದ್ಳು, ಅಮಾಸಿ ದಿನಾ ಹೊಸ್ತಲಾ ದಾಟತಿದ್ದಿಲ್ಲ. ನನ್ನ ಒಂದ ಕಾರಿನಾಗ ಐದ ಮಂದಿ ಹಿಡೀತಾರ, ಉಳದವ್ರು ಹ್ಯಾಂಗ ಬರಬೇಕು?”

ನಾನು ಹಲ್ಲು ಕಚ್ಚಿ ಹೇಳಿದೆ: “ಮರುದಿನ ಓಡತೈತ್ರಿ. ಮೇಸ್ತ್ರಿನ್ನ ಕೇಳೀನಿ. ಟ್ಯೂಬೂ ಐತಿ, ಕಮ್ಮಿ ಅದಾವ, ಆದ್ರ ಅದಾವ. ಮರುದಿನ ಬರ್ರಿ.”

“ಮರುದಿನಾ?” ಅವನ ನಗು ನಿಂತಿತು. “ಮರುದಿನ ಕರಿ ಅಲ್ಲೇನ್ರಿ?”

ಹಬ್ಬದ ಮರುದಿನವನ್ನು ನಾವು ಕರಿ ಅನ್ನುತ್ತೇವೆ. ಆ ದಿನ ಹೊಸ ಕೆಲಸ ಹಿಡಿಯುವುದಿಲ್ಲ, ದೂರದ ಪಯಣ ಹೊರಡುವುದಿಲ್ಲ. ರೇನರ್ಸ್ ಲೇನ್‌ನಿಂದ ನಮ್ಮ ಗುಡ್ಡಕ್ಕಿಂತ ದೂರದ ಪಯಣ ಲಂಡನ್ನಿನಲ್ಲಿ ಇನ್ನಾವುದಿದೆ? “ಮುದುಕರು ಒಪ್ಪೂದಿಲ್ಲ,” ಅಂದ ಅವನು. “ನೋಡ್ತೀನಿ. ಬರ್ತೀವಂತ ಹೇಳೂದಿಲ್ಲ, ಬರೂದಿಲ್ಲಂತನೂ ಹೇಳೂದಿಲ್ಲ.”

ನನ್ನ ಕೈಯಿಂದ ಹೆಂಡತಿ ರಿಸೀವರ್ ಕಿತ್ತುಕೊಂಡಳು. “ಅಣ್ಣಾ, ಕರಿ ದಿನಾ ಒಳ್ಳೇ ಕೆಲಸಾ ಮಾಡಬಾರ್ದು, ಖರೆ. ಉಣ್ಣಬಾರ್ದಂತ ಯಾವ ಶಾಸ್ತ್ರದಾಗ ಬರದಾರ? ಇಷ್ಟ ರೊಟ್ಟಿ ಬಡದೀನಿ, ನೀ ಬರಲಿಲ್ಲಂದ್ರ ಈ ಗುಡ್ಡದ ಕಾಗಿ ಎಲ್ಲಾ ಕನ್ನಡ ಕಲೀತಾವ.” ಇಟ್ಟುಬಿಟ್ಟಳು.

ಅಮಾವಾಸ್ಯೆಯ ದಿನ ಚರಗ ತಪ್ಪಿಸುವಂತಿರಲಿಲ್ಲ. ಊರೆಲ್ಲ ಬಾಗಿಲು ಮುಚ್ಚಿ ಟರ್ಕಿ ಕೋಳಿ ಬೇಯಿಸುತ್ತಿದ್ದಾಗ ನಾವಿಬ್ಬರೇ ಬುಟ್ಟಿ ಹಿಡಿದು ಕಾಲುದಾರಿ ದಾಟಿ ಹೋದೆವು. ಹೊಲದ ಅಂಚಿನಲ್ಲಿ ಹಿಮ ಕಟ್ಟಿ ಹುಲ್ಲು ಸಕ್ಕರೆ ಹಚ್ಚಿದಂತಿತ್ತು. ಐದು ಕಲ್ಲು ಆರಿಸಿದೆವು. ಇಲ್ಲಿನವು ಚಕಮಕಿ ಕಲ್ಲು, ಒಡೆದರೆ ಒಳಗೆ ಕಪ್ಪು ಗಾಜು. ಅವಳು ಮುಂದೆ, ನಾನು ನೀರಿನ ತಂಬಿಗೆ ಹಿಡಿದು ಹಿಂದೆ. “ಹುಲ್ಲುಲ್ಲಿಗೋ” ಅಂದಳು, ಬಹಳ ಸಣ್ಣ ದನಿಯಲ್ಲಿ. “ಚಲ್ಲಂಬರಿಗೋ” ಅಂದೆ ನಾನು, ಅಷ್ಟೇ ಸಣ್ಣಗೆ. ಇಬ್ಬರೇ ಕೂಗಿದರೆ ಅದು ಕೂಗಲ್ಲ, ಗುಟ್ಟು ಹೇಳಿದಂತೆ. ಎರಡು ತುತ್ತು ಉಂಡು ಎದ್ದೆವು. ಅವಳು ಬುಟ್ಟಿ ಮುಚ್ಚಿ, “ನಾಳಿಗೂ ಹಿಂಗಽ ಆದ್ರ,” ಎಂದು ಅರ್ಧಕ್ಕೇ ಬಿಟ್ಟು ಮನೆಯತ್ತ ನಡೆದಳು.

ಮರುದಿನ ನಾವು ಟ್ರಾಮ್ ಸ್ಟಾಪಿಗೆ ಹೋಗಿ ನಿಂತೆವು. ನಾನು ಮನೆಯಲ್ಲಿ ಕಾಯೋಣ ಅಂದೆ, ಅವಳೇ ಕೇಳಲಿಲ್ಲ. ಅವಳು ಮದುವೆಯ ಶಾಲು ಹೊದ್ದಿದ್ದಳು. ಒಂದು ಟ್ರಾಮ್ ಬಂತು. ಒಬ್ಬ ಹುಡುಗ ಹೊಸ ಸೈಕಲ್ ಇಳಿಸಿಕೊಂಡು ಹೋದ. ಬಹಳ ಹೊತ್ತಿಗೆ ಇನ್ನೊಂದು ಬಂತು. ಬಾಗಿಲು ತೆರೆಯಿತು, ಮುಚ್ಚಿತು, ಒಳಗೆ ದೀಪ ಬಿಟ್ಟರೆ ಏನೂ ಇರಲಿಲ್ಲ. ನನ್ನ ಹಳಿ ಚಳಿಗೆ ಹೊಳೆಯುತ್ತ ಮಲಗಿತ್ತು. ಜೀವನದಲ್ಲಿ ಮೊದಲ ಸಲ ಅದನ್ನು ನೋಡಲು ನನಗೆ ಮನಸ್ಸಾಗಲಿಲ್ಲ. ಫ್ಲ್ಯಾಟಿನ ಮಹಡಿಗೆ ಯಾವ ಸಾಮಾನು ಹೇಗೆ ಹತ್ತಿಸುವುದು ಎಂದು ಮನಸ್ಸಿನಲ್ಲೇ ಕಟ್ಟುತ್ತಿದ್ದೆ.

ಮುಂದಿನ ಟ್ರಾಮ್ ಇನ್ನೂ ದೂರ ಇರುವಾಗಲೇ ಅವಳು ನನ್ನ ತೋಳು ಹಿಡಿದಳು. “ನಿಂತ ಮಂದಿ ಕಾಣ್ತಾರ್ರಿ,” ಅಂದಳು. ಖಾಲಿ ಗಾಡಿಯಲ್ಲಿ ಜನ ಯಾಕೆ ನಿಲ್ಲುತ್ತಾರೆ? ಗಾಡಿ ಹತ್ತಿರವಾದಂತೆ ಕಿಟಕಿಯಲ್ಲಿ ಇಳಕಲ್ ಸೀರೆಯ ಕೆಂಪು ಸೆರಗು ಕಂಡಿತು, ಅದರ ಪಕ್ಕ ಮಂಕಿ ಟೋಪಿ, ಅದರ ಪಕ್ಕ ಇನ್ನೊಂದು ಮಂಕಿ ಟೋಪಿ. ಬಾಗಿಲು ತೆರೆಯಿತು. ಮೊದಲು ಅಗಸಿ ಚಟ್ನಿಯ ವಾಸನೆ ಇಳಿಯಿತು, ಆಮೇಲೆ ಜನ ಇಳಿದರು.

ಕರೆದವರೆಲ್ಲ ಬಂದಿರಲಿಲ್ಲ. ಮುದುಕರಲ್ಲಿ ಅರ್ಧ ಮಂದಿ ಕರಿ ಎಂದು ಉಳಿದಿದ್ದರು. ಆದರೆ ರೇನರ್ಸ್ ಲೇನ್‌ನವರು ಬಂದಿದ್ದರು, ಹೇಸ್‌ನವರು ಬಂದಿದ್ದರು. ಇಲ್ಫರ್ಡಿನ ಒಂದು ಕುಟುಂಬ ಹಾದಿ ತಪ್ಪಿ ಎಲ್ಲೆಲ್ಲೋ ಸುತ್ತಿ ಕ್ರಾಯ್ಡನ್ನಿನಲ್ಲಿ ಇವರನ್ನು ಕೂಡಿಕೊಂಡಿತ್ತು. ಹೆಂಗಸರ ಕೈಯಲ್ಲಿ ಬುತ್ತಿಗಂಟು. ಕೊನೆಗೆ ಇಳಿದವನು ಅವಳ ಅಣ್ಣ. ಅವನ ಹಿಂದೆ ಗುರುತಿಲ್ಲದ ಒಬ್ಬ ಇಂಗ್ಲಿಷ್ ಮನುಷ್ಯ, ಬಾಯಲ್ಲಿ ಶೇಂಗಾ ಹೋಳಿಗೆ.

“ಇವ್ರು ಯಾರ್ರೀ?” ಎಂದು ಕೇಳಿದೆ.

“ನಂಗೇನ ಗೊತ್ರಿ? ವಿಂಬಲ್ಡನ್ನಿನಾಗ ಗಂಟಿನಾಗ ಏನೈತಿ ಅಂತ ಕೇಳಿದಾ, ಒಂದ ಹೋಳಿಗಿ ಕೊಟ್ಟೆ. ಅಂವನ ಮಗ್ಗಲಾದಂವಾ ಕೇಳಿದಾ, ಅಂವಗೂ ಕೊಟ್ಟೆ. ನಿಮ್ಮ ಟ್ರಾಮಿನಾಗ ಪಂಕ್ತಿ ಕೂಡಿಸಿಕೋತ ಬಂದೀನಿ.” ಸುತ್ತಲೂ ಹೊರಳಿ ನೋಡಿದ, ಅಂಗಡಿಸಾಲು, ಒಂದೇ ಅಚ್ಚಿನ ಮನೆಗಳು, ಮೇಲೆ ಅಷ್ಟಗಲ ಆಕಾಶ. “ಹಾದ್ಯಾಗ ಎಷ್ಟ ಕಾಡ ಐತ್ರಿ. ನಾ ತಿಳಕೊಂಡೆ ಸ್ಕಾಟ್ಲೆಂಡಿಗೆ ಹೊಂಟೀವಂತ.”

ಹೊಲದ ಅಂಚಿನಲ್ಲಿ ನಮ್ಮ ಪಕ್ಕದ ಮುದುಕಿ ಕುರ್ಚಿ ಹಾಕಿಕೊಂಡು, ಮೊಣಕಾಲ ಮೇಲೆ ರಗ್ಗು ಹೊದ್ದು ಮೊದಲೇ ಕೂತಿದ್ದಳು. ನನ್ನ ಹೆಂಡತಿ ಕರೆದಿದ್ದಳಂತೆ, ನನಗೆ ಹೇಳಿರಲಿಲ್ಲ. ಚರಗ ನಿನ್ನೆಯೇ ಆಗಿದೆ, ಇವತ್ತು ಬರೀ ಊಟ ಎಂದು ನಾನು ಹೇಳುತ್ತಿದ್ದಂತೆ ಒಬ್ಬ ಹಿರಿಯರು ತಟ್ಟೆಯ ತುತ್ತು ತೆಗೆದು ಹೊಲದತ್ತ ಬೀರಿ, ತುಂಬುಗಂಟಲಲ್ಲಿ “ಹುಲ್ಲುಲ್ಲಿಗೋ” ಅಂದೇಬಿಟ್ಟರು. ನಾಲಿಗೆಯ ಮೇಲೆ ವರ್ಷಗಳಿಂದ ಕೂತಿದ್ದ ಕೂಗು, ಕಾರ್ಪೆಟ್ಟಿನ ಮೇಲೆ ಯಾರೂ ಕೂಗಲಾರದ್ದು. “ಚಲ್ಲಂಬರಿಗೋ” ಎಂದು ಎಲ್ಲರೂ ಒಟ್ಟಿಗೆ ಅಂದರು. ಕಾಗೆಗಳು ಎದ್ದವು. ಶಾಲೆಗೆ ಹೋಗುವ ಮಕ್ಕಳು, ಮನೆಯಲ್ಲಿ ಕನ್ನಡದಲ್ಲಿ ಕರೆದರೆ ಇಂಗ್ಲಿಷಿನಲ್ಲಿ ಓಗೊಡುವವರು, ಅದೇ ಎರಡು ಮಾತನ್ನು ಕೂಗುತ್ತ ಹೊಲದ ಅಂಚಿನುದ್ದಕ್ಕೂ ಓಡಿದರು. ಮುದುಕಿ ನನ್ನನ್ನು ಕರೆದು, ಯಾವ ತಂಡ ಗೆದ್ದಿತು ಎಂದು ಕೇಳಿದಳು.

ಥಂಡಿಯಲ್ಲಿ ನಿಂತುಕೊಂಡೇ ಉಂಡೆವು. 

ಚಳಿಗಾಲದ ಹೊತ್ತು, ಬೇಗ ಮಬ್ಬಾಯಿತು. ಎಲ್ಲರನ್ನೂ ಸ್ಟಾಪಿಗೆ ಕರೆದುಕೊಂಡು ಬಂದೆವು. ಟ್ರಾಮ್ ಬಂದು ನಿಂತಿತ್ತು, ಹೊರಡಲು ಇನ್ನೂ ಸ್ವಲ್ಪ ಹೊತ್ತಿತ್ತು. ಆಗ ಅವಳ ಅಣ್ಣ, ನನ್ನನ್ನು ನೋಡದೆ, ಅವಳನ್ನೇ ಕೇಳಿದ: “ಹಂಗಾರ ಫ್ಲ್ಯಾಟಿಂದು ಏನ್ ಮಾಡ್ಲವಾ ತಂಗಿ? ಬ್ಯಾರೇದವ್ರು ಕೇಳಾಕತ್ತಾರ.”

ನಾನು ಖಾಲಿ ಬುಟ್ಟಿಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದೆ.

“ಅವ್ರಿಗೆ ಕೊಡು,” ಅಂದಳು.

“ಯಾಕ? ಅಲ್ಲೆ ನಾವು ಎಲ್ಲಾರೂ ಇರ್ತೀವಿ. ದಿನಾ ಕಾಣ್ತಿ.”

“ಅದಕ್ಕಽ ಬ್ಯಾಡ. ನಿನ್ನ ಅಂಗಡಿ ಮ್ಯಾಲ ಇದ್ದೆ ಅಂದ್ರ ನಂಗ ತವರಮನಿನಽ ಇಲ್ಲಂಗ ಆತು. ಯಾವಾಗ್ಲೂ ಅಲ್ಲೇ ಇದ್ದಾಕಿಗೆ ಬಾ ಅಂತ ಯಾರು ಕರೀತಾರ? ಇಲ್ಲಿಂದ ಬಂದ್ರ ಮಗಳು ಬಂದಂಗ ಬರ್ತೀನಿ. ನೀ ಚಹಾ ಮಾಡಿ ಕೊಡ್ತಿ, ಸಂಜಿಗೆ ಬುತ್ತಿ ಕಟ್ಟಿ ಕಳಸ್ತಿ.” ಟ್ರಾಮಿನ ಕಡೆ ಗದ್ದ ಎತ್ತಿ ತೋರಿಸಿದಳು. “ಹಾದಿ ಐತಲ್ಲ ಈಗ.”

ಅವಳ ಅಣ್ಣ ಚೇಷ್ಟೆ ಬಿಟ್ಟು ಅವಳ ಶಾಲು ಸರಿಮಾಡಿದ. ಅದು ಅಪರೂಪ. “ಯಾವಾಗ ಬರ್ತಿ?” ಅಂದ.

“ನಾಳೆ.”

“ನಾಳೆ ಅಂಗಡಿ ತಗೀಬೇಕವಾ, ಗದ್ಲ ಇರತೈತಿ.”

“ಮತ್ತ, ಗಲ್ಲಾದ ಮ್ಯಾಲ ಯಾರ ಕೂಡಾವ್ರು? ನೀ ಎಣಸಾಕ ಕುಂತ್ರ ಮಂದಿ ಹೊಳ್ಳಿ ಹೊಕ್ಕಾರ.”

ಟ್ರಾಮಿನೊಳಗಿಂದ ಎಲ್ಲರೂ ನಕ್ಕರು. ಅವನು ಹತ್ತಿ, ಬಾಗಿಲು ಮುಚ್ಚುವ ಮುಂಚೆ ನನ್ನತ್ತ ತಿರುಗಿ, “ಭಾವಾರ, ನೀವೂ ಬರ್ರಿ ಆಕಿ ಜೋಡಿ. ಕುಂಡ್ರಾಕ ಬರ್ರಿ, ಹೊರಾಕಲ್ಲ,” ಅಂದ.

ಮರುದಿನ ಬೆಳಿಗ್ಗೆ ಅವಳು ನನಗಿಂತ ಮೊದಲೇ ಎದ್ದು ತಲೆ ಬಾಚಿಕೊಂಡಿದ್ದಳು. ನನಗೆ ಕೆಲಸವಿರಲಿಲ್ಲ, ಬರುತ್ತೇನೆ ಅಂದೆ. “ಇವತ್ತ ಬ್ಯಾಡ,” ಅಂದಳು. “ಒಬ್ಬಾಕಿನಽ ಹೋಗಿ ಬರ್ತೀನಿ. ಬದನೆಕಾಯಿ ಉಳದಾವ, ಬಿಸಿ ಮಾಡಕೊಂಡ ಉಣ್ರಿ.” ಸ್ಟಾಪಿನಲ್ಲಿ ಟ್ರಾಮ್ ನಿಂತಿತ್ತು. ಹತ್ತಿ, ಮುಂದಿನ ಸೀಟಿನಲ್ಲಿ ಕೂತು, ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡಳು. ಪಕ್ಕದಲ್ಲಿ ಯಾರೋ ಹೆಂಗಸು ಬಂದು ಕೂತಳು. ಗಾಡಿ ಹೊರಡುವ ಮುಂಚೆಯೇ ನನ್ನ ಹೆಂಡತಿ ಅವಳ ಜೊತೆ ಮಾತು ಶುರು ಮಾಡಿದ್ದಳು. ನಾನು ಕೈ ಬೀಸಿದ್ದನ್ನು ನೋಡಲಿಲ್ಲ.